ಕುಂಬಳಕಾಯಿ ಕಾಗದದ್ದೇ ಆಗ್ಬೇಕಾ? ಅಟ್ಟದ ಮೇಲಿನ ಕಾಯಿಯಿಂದ ಚಿಕ್ಕ ಮಕ್ಕಳಿಗೆ ಆಟ, ಕೈಕೆಲಸ, ಲೆಕ್ಕ

(ಈ ವಾರದ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಮಾತನ್ನು ತಿದ್ದಲಾಗಿದೆ.)

ಕಾರವಾರದಿಂದ ಮಾತಾಡ್ತಾ ಇದ್ದೇನೆ. ಹಿಂದಿನ ಸಂಚಿಕೆಯಲ್ಲಿ ಕ್ರೆಡಿಟ್ ಕಾರ್ಡಿನ ಬಡ್ಡಿ ಲೆಕ್ಕ ಬಿಡಿಸಿದ್ವಿ. ಈ ವಾರ ಕುಂಬಳಕಾಯಿ. ನಗಬೇಡಿ. ಅಕ್ಟೋಬರ್ ಬಂತು ಅಂದ್ರೆ ನಮ್ಮ ಅಕ್ಕ, ಅತ್ತಿಗೆ, ಗೆಳತಿಯರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಗಲಾಟೆ. ‘ಶುಕ್ರವಾರ ಆರೆಂಜ್ ಡೇ, ಮಗುವಿಗೆ ಪಂಪ್‌ಕಿನ್ ಕ್ರಾಫ್ಟ್ ಮಾಡಿ ಕಳಿಸಿ.’ ಆಮೇಲೆ ಕಾರವಾರದ ಸ್ಟೇಷನರಿ ಅಂಗಡಿಗಳಲ್ಲಿ ಕಿತ್ತಳೆ ಬಣ್ಣದ ಚಾರ್ಟ್ ಪೇಪರ್ ಖಾಲಿ. ರಾತ್ರಿ ಹತ್ತು ಗಂಟೆಗೆ ಮಗು ನಿದ್ದೆ ಮಾಡಿರುತ್ತೆ, ಅಪ್ಪ-ಅಮ್ಮ ಗ್ಲೂ ಗನ್ ಹಿಡಿದು ಕೂತಿರ್ತಾರೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಮೊದಲು ಬರೋ ಪ್ರಶ್ನೆ, ಈ ವ್ಯವಹಾರದಲ್ಲಿ ಲಾಭ ಯಾರಿಗೆ ಅನ್ನೋದು. ಅಕ್ಕ ಕಳೆದ ವರ್ಷ ಫೋಮ್ ಶೀಟ್, ಗ್ಲಿಟರ್, ಅಂಟು, ಹಸಿರು ರಿಬ್ಬನ್ ಎಲ್ಲ ಸೇರಿ 240 ರೂಪಾಯಿ ಖರ್ಚು ಮಾಡಿದ್ಲು. ಮಗುವಿನ ಕೈ ಅದಕ್ಕೆ ತಾಗಿದ್ದು ಶಾಲೆಯ ಗೇಟಿನಲ್ಲಿ ಫೋಟೋ ತೆಗೆಯುವಾಗ ಮಾತ್ರ. ಅದೇ ದಿನ ಅಂಕೋಲೆಯ ನಮ್ಮ ಮನೆ ಅಟ್ಟದ ಮೇಲೆ ಮೂರು ಕುಂಬಳಕಾಯಿ ಸುಮ್ಮನೆ ಕೂತಿದ್ದವು.

ಮೊದಲು ಆ ಕಾಗದದ ಕುಂಬಳಕಾಯಿ ಎಲ್ಲಿಂದ ಬಂತು ನೋಡೋಣ. ಅಕ್ಟೋಬರ್ 31ರಂದು ಅಮೆರಿಕ, ಐರ್ಲೆಂಡ್, ಬ್ರಿಟನ್ ಕಡೆ ಹ್ಯಾಲೋವೀನ್ ಆಚರಿಸ್ತಾರೆ. ಕುಂಬಳಕಾಯಿಯ ಒಳಗಿಂದು ಕೆರೆದು ತೆಗೆದು, ಕಣ್ಣು ಬಾಯಿ ಕೊರೆದು, ಒಳಗೆ ದೀಪ ಇಡ್ತಾರೆ. ತಮಾಷೆ ಏನು ಅಂದ್ರೆ, ಐರ್ಲೆಂಡಿನವರು ಶುರುವಿನಲ್ಲಿ ಕೊರೀತಾ ಇದ್ದದ್ದು ಕುಂಬಳಕಾಯಿಯನ್ನಲ್ಲ, ಟರ್ನಿಪ್ ಅನ್ನೋ ಗಡ್ಡೆಯನ್ನ. ಅಮೆರಿಕಕ್ಕೆ ವಲಸೆ ಹೋದಾಗ ಅಲ್ಲಿ ಕುಂಬಳಕಾಯಿ ಧಾರಾಳವಾಗಿ ಸಿಕ್ತು, ಕೊರೆಯೋದಕ್ಕೂ ಸುಲಭ, ಅದನ್ನೇ ಹಿಡಿದರು. ಅಂದ್ರೆ ಅವರೂ ತಮ್ಮ ಊರಲ್ಲಿ ಏನು ಸಿಗುತ್ತೋ ಅದರಲ್ಲಿ ಆಟ ಕಟ್ಟಿಕೊಂಡವರೇ. ನಾವು ಮಾತ್ರ ಅವರ ಊರಿನ ಕಾಯಿಯ ಚಿತ್ರವನ್ನು ಪ್ರಿಂಟ್ ತೆಗೆದು ಬಣ್ಣ ತುಂಬಿಸ್ತಾ ಇದ್ದೀವಿ.

ಹ್ಯಾಲೋವೀನ್ ಮಾಡಬಾರದು ಅಂತ ನಾನು ಹೇಳ್ತಾ ಇಲ್ಲ. ಮಕ್ಕಳು ವೇಷ ಹಾಕ್ಕೊಂಡು ಕುಣಿದ್ರೆ ಯಾರಿಗೆ ನಷ್ಟ? ನನ್ನ ತಕರಾರು ಬೇರೆ. ವರ್ಕ್‌ಶೀಟಿನ ಪಂಪ್‌ಕಿನ್ ಯಾವಾಗಲೂ ಹೊರಗೆ ಕಿತ್ತಳೆ ಬಣ್ಣ, ಚೆಂಡಿನ ಹಾಗೆ ಗುಂಡಗೆ. ಅದು ಕುಕುರ್ಬಿಟಾ ಪೆಪೊ ಅನ್ನೋ ಜಾತಿ. ನಮ್ಮ ಕಡೆ ಬೆಳೆಯೋ ಸಿಹಿಗುಂಬಳ ಹೆಚ್ಚಾಗಿ ಕುಕುರ್ಬಿಟಾ ಮೊಸ್ಕಾಟಾ. ಹೊರಗೆ ಹಸಿರು, ಬಲಿತ ಮೇಲೆ ಕಂದು, ಮಣ್ಣಿನ ಬಣ್ಣ, ಮೇಲೆ ಚುಕ್ಕೆ ಮಚ್ಚೆ. ಮೇಲಿಂದ ಒತ್ತಿದ ಹಾಗೆ ಸ್ವಲ್ಪ ಚಪ್ಪಟೆ. ಕಿತ್ತಳೆ ಬಣ್ಣ ಇರೋದು ಒಳಗೆ. ದಿನಾ ಅಡುಗೆಮನೆಯಲ್ಲಿ ಹಸಿರು ಕುಂಬಳಕಾಯಿ ನೋಡೋ ಮಗು ಹಸಿರು ಕ್ರೆಯಾನ್ ತಗೊಂಡ್ರೆ ‘ತಪ್ಪು, ಆರೆಂಜ್ ಹಾಕು’ ಅಂತಾರೆ. ಕಣ್ಣಾರೆ ಕಂಡದ್ದು ತಪ್ಪು, ಹಾಳೆಯಲ್ಲಿ ಇರೋದು ಸರಿ. ನಾಲ್ಕು ವರ್ಷದ ಮಗುವಿಗೆ ನಾವು ಕಲಿಸ್ತಾ ಇರೋದು ಇದಾ?

ಹೆಸರಿನ ವಿಷಯ ಇದಕ್ಕಿಂತ ದೊಡ್ಡದು. ಅಕ್ಕನ್ನ ಕೊಟ್ಟಿದ್ದು ಕಾರವಾರದ ಕೊಂಕಣಿ ಮನೆಗೆ. ಅವಳ ಮಗಳಿಗೆ ಈಗ ನಾಲ್ಕೂವರೆ. ಅಜ್ಜಿ ಜೊತೆ ಕೊಂಕಣಿ, ಅಮ್ಮನ ಜೊತೆ ಕನ್ನಡ, ಟೀವಿ ಜೊತೆ ಹಿಂದಿ. ಅವಳು ಹೋಗೋ ಪ್ಲೇ ಸ್ಕೂಲಿನ ಹೆಸರು ಇಲ್ಲಿ ಬೇಡ. ಅಲ್ಲಿ ಪಂಪ್‌ಕಿನ್ ಚಿತ್ರ ತೋರಿಸಿ ‘ವಾಟ್ ಈಸ್ ದಿಸ್’ ಅಂದಾಗ ಇವಳು ಕೈ ಎತ್ತಿ ‘ದುದ್ದಿ’ ಅಂದಳಂತೆ. ಕೊಂಕಣಿಯಲ್ಲಿ ಕುಂಬಳಕಾಯಿಗೆ ಅದೇ ಹೆಸರು. ಉತ್ತರ ಸರಿಯಾಗಿಯೇ ಇತ್ತು. ಆದ್ರೆ ಆ ಟೀಚರ್‌ಗೆ ಕೊಂಕಣಿ ಬರೋದಿಲ್ಲ. ‘ನೋ, ಪಂಪ್‌ಕಿನ್’ ಅಂದ್ರು, ಎಲ್ಲ ಮಕ್ಕಳ ಹತ್ರ ಮೂರು ಸಲ ಹೇಳಿಸಿದ್ರು. ಆಮೇಲೆ ಸುಮಾರು ಎರಡು ವಾರ ಇವಳು ಕ್ಲಾಸಿನಲ್ಲಿ ಕೈ ಎತ್ತಲಿಲ್ಲ ಅಂತ ಅದೇ ಟೀಚರ್ ಅಕ್ಕನಿಗೆ ಹೇಳಿದ್ದು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ!

ಟೀಚರ್ ಕೆಟ್ಟವರಲ್ಲ. ಇಪ್ಪತ್ತೆಂಟು ಮಕ್ಕಳು, ಒಬ್ಬರೇ, ಕೈಯಲ್ಲಿ ಪ್ರಕಾಶಕರು ಕಳಿಸಿದ ಪುಸ್ತಕ. ಆದ್ರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ಮೂರರಿಂದ ಎಂಟು ವರ್ಷದ ಮಕ್ಕಳು ಆಟದ ಮೂಲಕ, ಮನೆಮಾತಿನ ಮೂಲಕ ಕಲಿಯಬೇಕು ಅಂತ. ಕಾರವಾರದಂಥ ಊರಲ್ಲಿ ಅದನ್ನು ಮಾಡೋದು ಹೇಗೆ? ಒಂದೇ ಕ್ಲಾಸಿನಲ್ಲಿ ಕೊಂಕಣಿ, ಕನ್ನಡ, ಮರಾಠಿ, ಉರ್ದು. ಅಂಕೋಲೆ ಕಡೆ ಹೋದ್ರೆ ಹಾಲಕ್ಕಿ ಒಕ್ಕಲಿಗರ ಕನ್ನಡ, ನಾಡವರ ಕನ್ನಡ, ಒಂದೊಂದಕ್ಕೂ ಒಂದೊಂದು ಧಾಟಿ. ಎಲ್ಲ ಭಾಷೆಯಲ್ಲೂ ಪುಸ್ತಕ ಮಾಡೋಕಾಗಲ್ಲ. ಆದ್ರೆ ಮೇಜಿನ ಮೇಲೆ ಒಂದು ನಿಜವಾದ ಕುಂಬಳಕಾಯಿ ಇಡಬಹುದು. ‘ನಿಮ್ಮನೇಲಿ ಇದಕ್ಕೆ ಏನಂತಾರೆ?’ ಅಂತ ಕೇಳಬಹುದು. ಆಗ ದುದ್ದಿಯೂ ಸರಿ, ಸಿಹಿಗುಂಬಳವೂ ಸರಿ, ಮಲೆನಾಡಿನ ಕೆಲವರು ಹೇಳೋ ಚೀನಿಕಾಯಿಯೂ ಸರಿ, ಪಂಪ್‌ಕಿನ್ ಕೂಡ ಸರಿ.

ಇಲ್ಲೊಂದು ಮಜಾ ಇದೆ. ಮರಾಠಿಯವರು ‘ದುಧಿ’ ಅಂದ್ರೆ ಅದು ಸೋರೆಕಾಯಿ. ಹಾಗಾಗಿ ಮರಾಠಿ ಮನೆಯ ಮಗು, ಕೊಂಕಣಿ ಮನೆಯ ಮಗು ಒಟ್ಟಿಗೆ ಇದ್ರೆ ಜಗಳ ಗ್ಯಾರಂಟಿ. ಒಳ್ಳೇ ಜಗಳ ಅದು. ಎರಡೂ ಕಾಯಿ ತಂದಿಟ್ಟು ಬಿಡಿ, ಅವರೇ ಬಗೆಹರಿಸ್ಕೋತಾರೆ.

ಸರಿ, ಈಗ ಕೆಲಸಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಮೂರರಿಂದ ಆರು ವರ್ಷದ ಮಗು ಇದ್ರೆ, ಅಥವಾ ನೀವು ಮಾಮಾ, ಮಾವ್ಶಿ, ಚಿಕ್ಕಪ್ಪ ಯಾರೇ ಆಗಿದ್ರೂ, ಒಂದು ಕಾಯಿಯಿಂದ ಒಂದು ವಾರ ಕಳೀಬಹುದು. ಒಂದು ಷರತ್ತು. ಅದು ಕೊನೆಗೆ ಸಾಂಬಾರಿಗೋ ಕಡುಬಿಗೋ ಹೋಗಬೇಕು. ನಮ್ಮ ಆಯಿ ಇದರಲ್ಲಿ ಬಲು ಕಟ್ಟುನಿಟ್ಟು, ‘ತಿನ್ನೋ ವಸ್ತುವಿನ ಸಂಗತಿಗೆ ಆಟ ಎಂತದ್ದು?’ ಅಂತ. ಅವಳ ಮಾತಲ್ಲಿ ನ್ಯಾಯ ಇದೆ. ದೀಪ ಇಡೋಕೆ ಅಂತ ನಾಲ್ಕು ಕಿಲೋ ಕಾಯಿ ಕೊರೆದು ಆಮೇಲೆ ಕಸಕ್ಕೆ ಎಸೆಯೋದು ನನಗೂ ಸೇರಲ್ಲ. ಹಾಗಾಗಿ ನಾನು ಹೇಳೋ ಆಟಗಳಿಗೆಲ್ಲ ಬೇಕಾಗೋದು ಕತ್ತರಿಸೋ ಮೊದಲಿನ ಇಡೀ ಕಾಯಿ, ಆಮೇಲೆ ಬಿಸಾಡೋ ಸಿಪ್ಪೆ, ಬೀಜ, ದಂಟು. ಅಷ್ಟೇ.

ಶುರು ಸಂತೆಯಿಂದ. ಕಾರವಾರದ ರವಿವಾರದ ಸಂತೆಗೆ ಮಗುವನ್ನು ಕರ್ಕೊಂಡು ಹೋಗಿ. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ತರಕಾರಿ ತಂದು ನೆಲದ ಮೇಲೆ ಹರಡಿಕೊಂಡು ಕೂತಿರ್ತಾರೆ. ಸಿಹಿಗುಂಬಳ, ಬೂದುಗುಂಬಳ, ಮೊಗೆಕಾಯಿ, ಸೋರೆಕಾಯಿ, ಹೀರೆಕಾಯಿ ಎಲ್ಲ ಒಂದೇ ಕುಟುಂಬ, ಒಂದೇ ಸಾಲಿನಲ್ಲಿ. ಯಾವುದು ಭಾರ, ಯಾವುದು ನುಣುಪು, ಯಾವುದು ತಟ್ಟಿದರೆ ಡಬ್ ಅನ್ನುತ್ತೆ, ಮಗುವೇ ಮುಟ್ಟಿ ಹೇಳಲಿ. ಆರಿಸೋ ಕೆಲಸ ಅದಕ್ಕೇ ಬಿಡಿ. ಎತ್ತೋಕಾಗದೇ ಹೋದ್ರೆ ‘ಭಾರ’ ಅನ್ನೋ ಶಬ್ದ ಯಾವ ವರ್ಕ್‌ಶೀಟಿಗಿಂತಲೂ ಚೆನ್ನಾಗಿ ತಲೆಗೆ ಹೋಗುತ್ತೆ.

ಬೂದುಗುಂಬಳ ಕಂಡ್ರೆ ಒಂದು ನಿಮಿಷ ನಿಲ್ಲಿ. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ’ ಅನ್ನೋ ಗಾದೆ ನಮಗೆಲ್ಲ ಗೊತ್ತು. ರಾಜಕಾರಣಿಗಳ ಸುದ್ದಿಯಲ್ಲಿ ವಾರಕ್ಕೊಂದು ಸಲ ಬರುತ್ತೆ. ಆದ್ರೆ ಹೆಗಲನ್ನೇ ಯಾಕೆ ಮುಟ್ಕೊಂಡ? ಬಲಿತ ಬೂದುಗುಂಬಳದ ಮೇಲೆ ಬಿಳೀ ಪುಡಿ ಇರುತ್ತೆ. ಅದು ಕಾಯಿಯೇ ಹೊರಸೂಸೋ ಮೇಣ. ಒಳಗಿನ ನೀರು ಆರಿ ಹೋಗದ ಹಾಗೆ ತಡೆಯುತ್ತೆ, ಅದರಿಂದಲೇ ಕಾಯಿ ತಿಂಗಳುಗಟ್ಟಲೆ ಕೆಡದೆ ಇರೋದು. ಹೆಗಲ ಮೇಲೆ ಹೊತ್ಕೊಂಡು ಓಡಿದ ಕಳ್ಳನಿಗೆ ಆ ಬೂದಿ ಮೆತ್ತಿರಬೇಕಲ್ಲ! ಮಗುವಿನ ಬೆರಳನ್ನು ಕಾಯಿಗೆ ಉಜ್ಜಿಸಿ, ಕಪ್ಪು ಸ್ಲೇಟಿನ ಮೇಲೆ ಒತ್ತಿಸಿ. ಬೆರಳಚ್ಚು ಮೂಡುತ್ತೆ. ಇನ್ನೊಬ್ಬರ ಬೆರಳಿನದೂ ತಗೊಳ್ಳಿ, ಯಾವುದು ದೊಡ್ಡದು, ಕಳ್ಳ ಯಾರು ಅಂತ ಪತ್ತೆದಾರಿ ಆಟ ಆಡಿ. ನಮ್ಮನೇಲಿ ಈ ಆಟ ಒಂದು ಸಂಜೆ ಪೂರ್ತಿ ನಡೀತು, ಕೊನೆಗೆ ಕಳ್ಳ ಅಂತ ಸಿಕ್ಕಿಬಿದ್ದವರು ಅಜ್ಜ.

ಹ್ಯಾಲೋವೀನ್ ಮುಖ ಬೇಕೇ ಬೇಕು ಅನ್ನೋರಿಗೂ ನಮ್ಮಲ್ಲೇ ಒಂದು ಇದೆ. ಹೊಸ ಮನೆ ಕಟ್ಟೋ ಕಡೆ ದೃಷ್ಟಿಗೆ ಅಂತ ಬೂದುಗುಂಬಳಕ್ಕೆ ಗುಡ್ಡೆ ಕಣ್ಣು, ಕೋರೆಹಲ್ಲು, ಗಿರಿಜಾ ಮೀಸೆ ಬರೆದು ನೇತುಹಾಕೋದನ್ನ ನೋಡಿರ್ತೀರಿ. ಚಾಕು ಬೇಡ, ಕೊರೆಯೋದು ಬೇಡ. ಇದ್ದಿಲು, ಸೀಮೆಸುಣ್ಣ ಸಾಕು. ಇದ್ದಿಲಿನಲ್ಲಿ ಬರೆದದ್ದು ತೊಳೆದರೆ ಹೋಗುತ್ತೆ, ಕಾಯಿ ಮತ್ತೆ ಅಡುಗೆಮನೆಗೆ. ಸಿಟ್ಟಿನ ಮುಖ, ಅಳೋ ಮುಖ, ನಗೋ ಮುಖ, ಹೆದರಿದ ಮುಖ ಬರೆದು ‘ಇವನಿಗೆ ಏನಾಗಿದೆ?’ ಅಂತ ಕೇಳಿ. ಚಿಕ್ಕ ಮಕ್ಕಳು ತಮ್ಮ ಸಿಟ್ಟಿನ ಬಗ್ಗೆ ನೇರ ಹೇಳಲ್ಲ. ಕುಂಬಳಕಾಯಿಯ ಸಿಟ್ಟಿನ ಬಗ್ಗೆ ಕೇಳಿದ್ರೆ ಪುಂಖಾನುಪುಂಖ. ನನ್ನ ಸೊಸೆ ಹೇಳಿದ್ದು: ‘ಇವನ ಬುತ್ತಿ ಯಾರೋ ತಿಂದ್ರು.’ ಆಗ ಗೊತ್ತಾಯ್ತು ಅವಳ ಟಿಫಿನ್ ಡಬ್ಬಿಯ ಕಥೆ.

ಇನ್ನು ನೀರಾಟ. ದೊಡ್ಡ ಬಕೆಟ್ ಅಥವಾ ಟಬ್ ತುಂಬ ನೀರು, ಒಂದು ಬಟಾಟೆ, ಒಂದು ನಾಲ್ಕು ಕಿಲೋ ಕುಂಬಳಕಾಯಿ. ‘ಯಾವುದು ಮುಳುಗುತ್ತೆ?’ ಅಂತ ಮೊದಲು ಕೇಳಿ. ದೊಡ್ಡವರೂ ಸೇರಿ ಬಹಳ ಜನ ಕುಂಬಳಕಾಯಿ ಅಂತಾರೆ. ಹಾಕಿ ನೋಡಿದ್ರೆ ಬಟಾಟೆ ತಳಕ್ಕೆ, ಕುಂಬಳಕಾಯಿ ತೇಲ್ತಾ ಇರುತ್ತೆ. ಒತ್ತಿ ಮುಳುಗಿಸಿದ್ರೆ ಮತ್ತೆ ಮೇಲೆ ಹಾರುತ್ತೆ. ಯಾಕೆ? ಉತ್ತರ ಈಗಲೇ ಹೇಳಬೇಡಿ. ಮಾರನೇ ದಿನ ಕಾಯಿ ಕತ್ತರಿಸುವಾಗ ನಡುವಿನ ಪೊಳ್ಳು ಜಾಗ ತೋರಿಸಿ. ಕಾರವಾರದ ಮಕ್ಕಳಿಗೆ ದೋಣಿ ಗೊತ್ತು, ಕಾಳಿ ನದಿಯಲ್ಲಿ ದಿನಾ ನೋಡ್ತಾರೆ. ‘ಒಳಗೆ ಖಾಲಿ ಇದ್ರೆ ದೋಣಿ ಹಾಗೆ ತೇಲುತ್ತೆ’ ಅನ್ನೋದನ್ನ ಅವರೇ ಹೇಳೋ ತನಕ ಕಾಯೋದು ಕಷ್ಟ, ಆದ್ರೆ ಕಾಯಿರಿ. ಟಬ್ ಹತ್ರ ಮಗುವನ್ನು ಒಂಟಿಯಾಗಿ ಬಿಡಬೇಡಿ, ಒಂದು ಕ್ಷಣಕ್ಕೂ.

ಕತ್ತರಿಸೋದು ದೊಡ್ಡವರ ಕೆಲಸ. ಬಲಿತ ಕುಂಬಳಕಾಯಿಯ ಸಿಪ್ಪೆ ಗಟ್ಟಿ, ಕತ್ತಿ ಜಾರುತ್ತೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಗಂಡಸರೇ ಹಾಕಬೇಕು ಅನ್ನೋ ಪದ್ಧತಿ ಇದೆ. ಗಂಡ ಆಫೀಸಿಂದ ಬರೋ ತನಕ ಸಾಂಬಾರಿಗೆ ಕಾಯ್ತಾರೆ. ನಮ್ಮನೇಲಿ ಈಗ ಆಯಿಯೇ ಹಾಕ್ತಾಳೆ, ಇದುವರೆಗೆ ಯಾರಿಗೂ ಏನೂ ಆಗಿಲ್ಲ.

ಬೀಜದ ವಿಷಯಕ್ಕೆ ಬಂದೆ. ನನ್ನ ಪ್ರಕಾರ ಇಡೀ ಕಾಯಿಯಲ್ಲಿ ಮಕ್ಕಳಿಗೆ ಅತಿ ಹೆಚ್ಚು ಕೆಲಸಕ್ಕೆ ಬರೋ ಭಾಗ ಇದು. ಕತ್ತರಿಸಿದ ಅರ್ಧ ಕಾಯಿಯನ್ನು ಮಗುವಿನ ಮುಂದಿಟ್ಟು, ನಾರಿನ ನಡುವಿಂದ ಬೀಜ ಬಿಡಿಸೋಕೆ ಹೇಳಿ. ಲೋಳೆ ಲೋಳೆ, ಜಾರುತ್ತೆ, ಕೆಲವು ಮಕ್ಕಳು ಮೊದಲು ಮುಖ ಸಿಂಡರಿಸ್ತಾರೆ. ಒತ್ತಾಯ ಬೇಡ, ಚಮಚ ಕೊಡಿ. ಜಾರೋ ಬೀಜವನ್ನು ಹೆಬ್ಬೆರಳು-ತೋರುಬೆರಳಲ್ಲಿ ಹಿಡಿಯೋಕೆ ಯಾವ ಸ್ನಾಯು ಬೇಕೋ, ಮುಂದೆ ಪೆನ್ಸಿಲ್ ಹಿಡಿಯೋಕೆ ಬೇಕಾಗೋದೂ ಅದೇ. ಮೂರು ವರ್ಷಕ್ಕೆ ‘ಅ’ ಬರೆಸೋ ಬದಲು ಹತ್ತು ನಿಮಿಷ ಬೀಜ ಬಿಡಿಸಲಿ ಅಂತ ನಾನು ಧೈರ್ಯವಾಗಿ ಹೇಳ್ತೇನೆ.

ಆಮೇಲೆ ಎಣಿಕೆ. ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ಮೂರೂವರೆ ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ಗಡಗಡ ಹೇಳಿಬಿಡುತ್ತೆ, ನಾವು ವಿಡಿಯೋ ಮಾಡಿ ಸ್ಟೇಟಸ್ ಹಾಕ್ತೇವೆ. ಅದು ಬಾಯಿಪಾಠ, ಹಾಡಿನ ಹಾಗೆ. ಏಳು ಬೀಜ ಮುಂದಿಟ್ಟು ಎಣಿಸೋಕೆ ಹೇಳಿ, ಒಂದೇ ಬೀಜಕ್ಕೆ ಎರಡು ಅಂಕಿ ಹೇಳುತ್ತೆ, ಇಲ್ಲಾ ಎರಡು ಬೀಜ ಹಾರಿಸುತ್ತೆ. ಒಂದು ಬೀಜಕ್ಕೆ ಒಂದೇ ಅಂಕಿ ಅನ್ನೋದು ಮೊದಲ ಮೆಟ್ಟಿಲು. ಎಣಿಸಿ ಮುಗಿದ ಮೇಲೆ ‘ಹಾಗಾದ್ರೆ ಒಟ್ಟು ಎಷ್ಟು?’ ಅಂತ ಕೇಳಿ. ತುಂಬ ಮಕ್ಕಳು ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡ್ತಾರೆ. ಕೊನೆಗೆ ಹೇಳಿದ ಅಂಕಿಯೇ ಒಟ್ಟು ಮೊತ್ತ ಅನ್ನೋದು ಇನ್ನೊಂದು ಮೆಟ್ಟಿಲು. ಅದು ಹೇಳಿಕೊಟ್ಟು ಬರೋದಲ್ಲ, ಕೈಯಲ್ಲಿ ವಸ್ತು ಸರಿಸಿ ಸರಿಸಿ ಬರೋದು. ಬೀಜ ಇದಕ್ಕೆ ಹೇಳಿ ಮಾಡಿಸಿದ ಹಾಗೆ ಇದೆ. ಒಂದೇ ಗಾತ್ರ, ಬೆರಳಿಗೆ ಸಿಗುತ್ತೆ, ಬೇಕಾದಷ್ಟು ಇದೆ.

ನಾಲ್ಕೂವರೆ, ಐದು ವರ್ಷದವರಿಗೆ ಹಲಸಿನ ಎಲೆ ಸಾಲಾಗಿ ಇಟ್ಟು, ಒಂದೊಂದು ಎಲೆ ಮೇಲೆ ಹತ್ತು ಬೀಜ ಇಡಿಸಿ. ಮೊದಲು ಎಲ್ಲರೂ ‘ಈ ಕಾಯಿಯಲ್ಲಿ ಎಷ್ಟು ಬೀಜ ಇರಬಹುದು’ ಅಂತ ಊಹೆ ಹೇಳಬೇಕು, ಬರೆದಿಡಬೇಕು. ಸೊಸೆ ಹೇಳಿದ್ದು ‘ನೂರು ಸಾವಿರ’. ಭಾವ ಹೇಳಿದ್ದು 150. ಎಣಿಸಿದಾಗ ಮೂವತ್ತೊಂದು ಎಲೆ ತುಂಬಿ ಎರಡು ಬೀಜ ಉಳಿದವು. 312. ಹತ್ತು ಎಲೆ ಸೇರಿದ್ರೆ ನೂರು ಅನ್ನೋದನ್ನ ಅವಳು ಅವತ್ತು ಕಣ್ಣಲ್ಲಿ ನೋಡಿದ್ಲು. ಬಿ.ಕಾಂ ಓದಿದವನಿಗೆ ಇದಕ್ಕಿಂತ ಖುಷಿ ಏನು ಬೇಕು?

ತೊಳೆದು ನೆರಳಲ್ಲಿ ಒಣಗಿಸಿದ ಬೀಜದಿಂದ ಕೈಕೆಲಸ ಮಾಡಬಹುದು. ಬಣ್ಣಕ್ಕೆ ಅಂಗಡಿಗೆ ಓಡಬೇಡಿ. ಅರಿಶಿನ ನೀರಲ್ಲಿ ನೆನೆಸಿದ್ರೆ ಹಳದಿ. ಅದೇ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಕಣ್ಣೆದುರೇ ಕೆಂಪು ತಿರುಗುತ್ತೆ. ಮಕ್ಕಳು ‘ಮ್ಯಾಜಿಕ್’ ಅಂತ ಕಿರುಚ್ತಾರೆ. ಸುಣ್ಣ ಹಾಕಿದ್ರೂ ಹಾಗೇ ಆಗುತ್ತೆ, ಆರತಿಗೆ ನಾವು ಮಾಡೋ ಕೆಂಪು ನೀರು ಅದೇ. ಆದ್ರೆ ಸುಣ್ಣ ಕಣ್ಣಿಗೆ, ಚರ್ಮಕ್ಕೆ ಒಳ್ಳೇದಲ್ಲ, ಮಕ್ಕಳ ಕೈಗೆ ಬೇಡ. ಬೀಟ್‌ರೂಟ್ ರಸದಲ್ಲಿ ಗುಲಾಬಿ. ಬಣ್ಣದ ಬೀಜವನ್ನು ಹಳೇ ಮದುವೆ ಕಾರ್ಡಿನ ಹಿಂದೆ ಮೈದಾ ಅಂಟಿನಿಂದ ಅಂಟಿಸಿ ಮೀನು ಮಾಡಿ. ಬೀಜದ ಆಕಾರವೇ ಮೀನಿನ ಪೊರೆಯ ಹಾಗೆ ಇದೆ, ಒಂದರ ಮೇಲೊಂದು ಸ್ವಲ್ಪ ಏರಿಸಿ ಅಂಟಿಸಿದ್ರೆ ಬಂಗಡೆ ತಯಾರು. ಮೀನಿನೂರಿನ ಮಕ್ಕಳು ತಾವೇ ತಿದ್ದಿ ಹೇಳ್ತಾರೆ, ‘ಇದು ಬಂಗಡೆ ಅಲ್ಲ, ಇಷ್ಟು ಅಗಲ ಪಾಂಪ್ಲೆಟ್ ಇರ್ತದೆ’ ಅಂತ.

ಇಲ್ಲಿ ಎಚ್ಚರಿಕೆ ಒಂದು. ಒಣ ಬೀಜ ಚಿಕ್ಕ ಮಕ್ಕಳ ಮೂಗಿಗೆ, ಗಂಟಲಿಗೆ ಹೋಗೋ ಸಾಧ್ಯತೆ ಇರುತ್ತೆ. ಮೂರು ವರ್ಷದೊಳಗಿನವರಿಗೆ ಬೀಜದ ಆಟ ಬೇಡ. ಅವರಿಗೆ ಇಡೀ ಕಾಯಿ ಉರುಳಿಸೋ ಆಟ ಸಾಕು. ಹುರಿದ ಬೀಜ ರುಚಿಯೇ, ಆದ್ರೆ ಐದು ವರ್ಷದೊಳಗಿನವರಿಗೆ ಇಡೀ ಬೀಜ ತಿನ್ನೋಕೆ ಕೊಡಬೇಡಿ. ಕುಂಬಳಕಾಯಿ ಎಲ್ಲಾದ್ರೂ ಕಹಿ ಹತ್ತಿದ್ರೆ ಯಾರೂ ತಿನ್ನಬೇಡಿ, ಆ ಕಹಿ ವಿಷಕಾರಿ ಇರಬಹುದು.

ಹಿತ್ತಲಲ್ಲಿ ಬಳ್ಳಿ ಇದ್ದವರಿಗೆ ಇನ್ನೂ ಎರಡು ಬೋನಸ್. ಒಂದು, ಪೀಪಿ. ಕುಂಬಳದ ಎಲೆಯ ದಂಟು ಒಳಗೆ ಪೊಳ್ಳು. ದಂಟಿನ ಮುಳ್ಳುಗೂದಲನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೀರಿ, ಇಲ್ಲಾಂದ್ರೆ ತುಟಿ ತುರಿಸುತ್ತೆ. ಎಲೆ ಕತ್ತರಿಸಿ ತೆಗೆದರೂ ಆ ತುದಿ ಮುಚ್ಚಿಯೇ ಇರಬೇಕು, ಅದರಿಂದ ಸ್ವಲ್ಪ ಕೆಳಗೆ ಉದ್ದಕ್ಕೆ ಒಂದು ಸಣ್ಣ ಸೀಳು ಹಾಕಿ. ಆ ತುದಿಯನ್ನ ಬಾಯೊಳಗಿಟ್ಟು ಊದಿದ್ರೆ ಪೇಂ ಅನ್ನುತ್ತೆ. ಉದ್ದ ದಂಟಿಗೆ ದಪ್ಪ ದನಿ, ಗಿಡ್ಡ ದಂಟಿಗೆ ತೆಳು ದನಿ. ಮೂರು ಅಳತೆಯ ಪೀಪಿ ಮಾಡಿ ಬ್ಯಾಂಡ್ ಸೆಟ್ ಕಟ್ಟಬಹುದು, ಪಕ್ಕದ ಮನೆಯವರು ಸಹಿಸಿಕೊಂಡರೆ. ಊದಿ ಬೇಜಾರಾದ ಮೇಲೆ ದಂಟಿಗೆ ದಂಟು ಸಿಕ್ಕಿಸಿ ಪೈಪ್‌ಲೈನ್ ಮಾಡಿ ನೀರು ಹರಿಸಲಿ. ಎತ್ತರದಿಂದ ತಗ್ಗಿಗೆ ಮಾತ್ರ ಯಾಕೆ ಹೋಗುತ್ತೆ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ.

ಎರಡನೇದು, ಹೂವು. ಕುಂಬಳದ ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತೆ. ಹಾಗಾಗಿ ಶಾಲೆಗೆ ಹೋಗೋ ಮೊದಲು ನೋಡಬೇಕು. ಒಂದೇ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಉದ್ದ ಸಪೂರ ತೊಟ್ಟಿನ ಮೇಲೆ ನಿಂತಿದ್ದು ಗಂಡು. ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚುಕಾಯಿ ಇದ್ದರೆ ಹೆಣ್ಣು. ನಮ್ಮ ಅಜ್ಜಿಯರು ಹಿಟ್ಟಲ್ಲಿ ಅದ್ದಿ ಕರೆಯೋಕೆ ಗಂಡು ಹೂವನ್ನೇ ಕೊಯ್ತಾರೆ, ಹೆಣ್ಣು ಹೂವು ಮುಟ್ಟೋಕೆ ಬಿಡಲ್ಲ. ಮುಟ್ಟಿದ್ರೆ ಕಾಯಿ ಎಲ್ಲಿಂದ ಬರಬೇಕು? ಜೇನು ಗಂಡು ಹೂವಿಂದ ಹೆಣ್ಣು ಹೂವಿಗೆ ಹಾರೋದನ್ನ ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದು ಮಗುವಿಗೆ ತೋರಿಸಿ. ನಿಮ್ಮ ಫೋನು ಮಗುವಿನ ಕೈಗೆ ಹೋಗೋದಾದ್ರೆ ಇಂಥದ್ದಕ್ಕೆ ಹೋಗಲಿ.

ಕಥೆ ಇಲ್ಲದೆ ಮಕ್ಕಳು ಮಲಗಲ್ಲ, ಅದಕ್ಕೂ ಕುಂಬಳಕಾಯಿ ಇದೆ. ಬಡಕಲು ಅಜ್ಜಿ ಕಾಡು ದಾಟಿ ಮಗಳ ಮನೆಗೆ ಹೋಗ್ತಾಳೆ, ದಾರಿಯಲ್ಲಿ ಹುಲಿ ಸಿಗುತ್ತೆ. ‘ಈಗ ನನ್ನಲ್ಲಿ ಏನಿದೆ, ಮಗಳ ಮನೇಲಿ ತುಪ್ಪ ತಿಂದು ದಪ್ಪ ಆಗಿ ಬರ್ತೇನೆ’ ಅಂತ ಪಾರಾಗ್ತಾಳೆ. ವಾಪಸ್ ಬರುವಾಗ ದೊಡ್ಡ ಕುಂಬಳಕಾಯಿಯ ಒಳಗೆ ಕೂತು ಉರುಳಿಕೊಂಡು ಬರ್ತಾಳೆ. ಈ ಕಥೆ ಮರಾಠಿಯಲ್ಲಿದೆ, ಬಂಗಾಳಿಯಲ್ಲಿದೆ, ದೂರದ ಇರಾನಿನ ಪಾರ್ಸಿ ಭಾಷೆಯಲ್ಲೂ ಇದೆ. ಕಾರವಾರ 1956ರ ತನಕ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮರಾಠಿಯ ನೆಂಟಸ್ತಿಕೆ ಇಲ್ಲಿ ಗಟ್ಟಿ. ಹಳೇ ತಲೆಮಾರಿನವರನ್ನ ಕೇಳಿ ನೋಡಿ, ಬಹಳ ಜನಕ್ಕೆ ಗೊತ್ತಿರುತ್ತೆ. ಅವರು ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳನ್ನೆಲ್ಲ ನೆನಪಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಡುಗಳನ್ನು ದಾಖಲಿಸೋಕೆ ಜನ ಮನೆ ಬಾಗಿಲಿಗೆ ಬಂದರು. ನಮ್ಮ ನಿಮ್ಮ ಅಜ್ಜಿಯರ ಹತ್ರ ಯಾರೂ ಬರಲ್ಲ. ನಾವೇ ಮಾಡಬೇಕು, ಫೋನಿನಲ್ಲಿ ಜಾಗ ಇಲ್ಲ ಅಂದ್ರೆ ನಾಲ್ಕು ರೀಲ್ಸ್ ಡಿಲೀಟ್ ಮಾಡಿ.

ನೆನಪಾಯ್ತು, ಅಂಕೋಲೆಯಲ್ಲೇ ಹುಟ್ಟಿದ ದಿನಕರ ದೇಸಾಯಿಯವರು ಚುಟುಕಕ್ಕೆ ಹೆಸರಾದವರು, ಮಕ್ಕಳಿಗೂ ಬರೆದವರು. ಅವರ ಊರಿನ ಮಕ್ಕಳು ಕುಂಬಳಕಾಯಿ ಮೇಲೆ ನಾಲ್ಕು ಸಾಲು ಕಟ್ಟೋಕೆ ಪ್ರಯತ್ನಿಸಲಿ. ‘ಕಾಯಿ’ಗೆ ಪ್ರಾಸ ಹುಡುಕೋದು ಸುಲಭ. ಬಾಯಿ, ನಾಯಿ, ತಾಯಿ, ಆಯಿ. ಅರ್ಥ ಇಲ್ಲದಿದ್ರೂ ಪರವಾಗಿಲ್ಲ.

ಈಗ ನೀವು ಕೇಳಬಹುದು, ಇದೆಲ್ಲ ಅಟ್ಟ, ಹಿತ್ತಲು, ಅಜ್ಜಿ ಇದ್ದವರಿಗೆ ಸರಿ, ಉಳಿದವರಿಗೆ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೇ ಅಂಗನವಾಡಿಯ ಮಾತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಐಸಿಡಿಎಸ್ ಯೋಜನೆಯ ಕೂಸು ಇದು, ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಕೋಲಾ ತಾಲೂಕಿನ ಒಂದು ಹಳ್ಳಿಯ ಅಂಗನವಾಡಿಗೆ ನಾನು ಹೋಗಿದ್ದೆ. ಅಕ್ಕೋರು ಒಬ್ಬರು, ಸಹಾಯಕಿ ಒಬ್ಬರು. ತೂಕ ಬರೆಯೋದು, ಆಹಾರದ ಲೆಕ್ಕ, ಮೊಬೈಲ್ ಆ್ಯಪ್‌ನಲ್ಲಿ ತುಂಬಿಸೋದು, ಇದರ ನಡುವೆ ಪಾಠ. ಕಲರ್ ಪ್ರಿಂಟರ್ ಇಲ್ಲ, ಫೋಮ್ ಶೀಟ್ ಇಲ್ಲ. ಆದ್ರೆ ಅವತ್ತು ಸಾಂಬಾರಿಗೆ ಕುಂಬಳಕಾಯಿ ಇತ್ತು. ಕತ್ತರಿಸೋ ಮೊದಲು ಇಪ್ಪತ್ತು ನಿಮಿಷ ಮಕ್ಕಳ ಮುಂದೆ ಇಡ್ತೀರಾ ಅಂತ ಕೇಳಿದೆ. ಅಕ್ಕೋರು ನಕ್ಕು, ‘ಇಡುವಾ, ಅದಕ್ಕೆಂತ’ ಅಂದ್ರು. ಹದಿನಾಲ್ಕು ಮಕ್ಕಳು ಸುತ್ತ ಕೂತ್ರು. ಒಬ್ಬ ಹುಡುಗ ಕಿವಿ ಇಟ್ಟು ಕೇಳಿದ. ಒಬ್ಬಳು ಕಾಯಿಯ ಒಂದು ಬದಿ ಹಳದಿ ಮಚ್ಚೆ ತೋರಿಸಿ ‘ಇದು ಮಲಗಿದ ಜಾಗ’ ಅಂದ್ಲು. ಹೌದು, ನೆಲಕ್ಕೆ ತಾಗಿ ಬಿಸಿಲು ಬೀಳದ ಕಡೆ ಬಣ್ಣ ಹಾಗಾಗುತ್ತೆ. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಗದ್ದೆಯಲ್ಲಿ ಅಬ್ಬೆ ಜೊತೆ ನೋಡಿದ್ದು. ಖರ್ಚು ಸೊನ್ನೆ, ಯಾಕಂದ್ರೆ ಕಾಯಿ ಹೇಗೂ ಅಡುಗೆಯ ಲೆಕ್ಕದಲ್ಲಿತ್ತು.

ಊಟಕ್ಕೆ ಕೂತಾಗ ಅದೇ ಮಕ್ಕಳು ಸಾಂಬಾರಿನಲ್ಲಿ ಹೋಳು ಹುಡುಕಿ ತಿಂದ್ರು. ಇದೂ ಸಣ್ಣ ವಿಷಯ ಅಲ್ಲ. ಕುಂಬಳದ ಕಿತ್ತಳೆ ಬಣ್ಣ ಬೀಟಾ ಕ್ಯಾರೊಟಿನ್‌ನಿಂದ ಬರೋದು, ನಮ್ಮ ದೇಹ ಅದನ್ನ ಎ ಜೀವಸತ್ವ ಮಾಡಿಕೊಳ್ಳುತ್ತೆ. ಅಡುಗೆಗೆ ಸ್ವಲ್ಪ ಎಣ್ಣೆ, ತೆಂಗಿನಕಾಯಿ ಬಿದ್ದರೆ ಇನ್ನೂ ಚೆನ್ನಾಗಿ ಹೀರಿಕೊಳ್ಳುತ್ತೆ. ಒಂಬತ್ತು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಸರ್ಕಾರ ಎ ಜೀವಸತ್ವದ ದ್ರಾವಣ ಕುಡಿಸ್ತದೆ. ಅದು ಬೇಕು, ಅದರ ಜೊತೆಗೆ ಇದೂ ಇರಲಿ.

ಅಕ್ಕ ಈ ವರ್ಷ ಟೀಚರ್ ಹತ್ರ ಕೇಳ್ಕೊಂಡು ಆರೆಂಜ್ ಡೇಗೆ ಅಂಕೋಲೆಯ ಹಸಿರು ಕುಂಬಳಕಾಯಿಯನ್ನೇ ಕಳಿಸ್ತಾಳೆ, ಅರ್ಧ ಕತ್ತರಿಸಿ. ಹೊರಗೆ ಹಸಿರು, ಒಳಗೆ ಆರೆಂಜ್. ಟೀಚರ್ ಒಪ್ಪಿದ್ದಾರೆ, ‘ಆದ್ರೆ ಕಾಗದದ್ದೂ ಇರಲಿ, ಫೋಟೋಗೆ’ ಅಂದ್ರಂತೆ. ಸರಿ, ಅದೂ ಇರಲಿ. ಸೊಸೆ ಈಗ ಮನೆಯಲ್ಲಿ ಪ್ರಾಕ್ಟೀಸ್ ಮಾಡ್ತಾ ಇದ್ದಾಳೆ, ‘ದಿಸ್ ಈಸ್ ದುದ್ದಿ, ಪಂಪ್‌ಕಿನ್, ಕುಂಬಳಕಾಯಿ.’ ಮೂರೂ ಒಂದೇ ಉಸಿರಲ್ಲಿ.

ಕೊನೆಗೆ ಬೀಜ ಉಳಿಸೋ ವಿಧಾನ ಹೇಳಿಬಿಡ್ತೇನೆ, ಕಳೆದ ಸಲ ಇಬ್ಬರು ಕೇಳುಗರು ಕೇಳಿದ್ರು. ಚೆನ್ನಾಗಿ ಬಲಿತ ಕಾಯಿಯ, ಬೆರಳಲ್ಲಿ ಒತ್ತಿದರೆ ಗಟ್ಟಿ ಇರೋ ಬೀಜ ಮಾತ್ರ ಆರಿಸಿ. ಜೊಳ್ಳು ಬೇಡ, ಆರಿಸೋ ಕೆಲಸ ಮಗುವಿಗೇ ಕೊಡಿ. ತೊಳೆದು, ಗಾಳಿ ಆಡೋ ನೆರಳಲ್ಲಿ ವಾರ ಪೂರ್ತಿ ಒಣಗಿಸಿ, ಬೂದಿ ಸವರಿ ಕಾಗದದ ಪೊಟ್ಟಣದಲ್ಲಿಡಿ, ಮೇಲೆ ಮಗುವಿನ ಹೆಸರು ಬರೀರಿ. ಪ್ಲಾಸ್ಟಿಕ್ ಡಬ್ಬಿ ಬೇಡ, ನಮ್ಮ ಕರಾವಳಿಯ ತೇವಕ್ಕೆ ಬೂಸು ಹಿಡಿಯುತ್ತೆ. ಜೂನ್ ಮೊದಲ ಮಳೆ ಬಿದ್ದ ಮೇಲೆ, ನೀರು ನಿಲ್ಲದ ಎತ್ತರದ ಜಾಗದಲ್ಲಿ, ಗೊಬ್ಬರ ಗುಂಡಿಯ ಪಕ್ಕ ಊರಿ. ಹಿತ್ತಲು ಇಲ್ಲದವರು ಒಂದು ಬೀಜವನ್ನು ಒದ್ದೆ ಹತ್ತಿಯ ಮೇಲೆ ಗಾಜಿನ ಲೋಟದಲ್ಲಿಟ್ಟು ದಿನಾ ಒಂದೇ ಜಾಗದಿಂದ ಫೋಟೋ ತೆಗೀರಿ, ವಾರ ಹತ್ತು ದಿನದಲ್ಲಿ ಮೊಳಕೆಯ ವಿಡಿಯೋ ಆಗುತ್ತೆ. ನೆಲಕ್ಕೆ ಹಾಕಿದ ಬೀಜ ಒಂದೂವರೆ ಎರಡು ತಿಂಗಳಿಗೆ ಹೂವು, ಮೂರೂವರೆ ನಾಲ್ಕು ತಿಂಗಳಿಗೆ ಕಾಯಿ. ಅಂದ್ರೆ ಜೂನಿನಲ್ಲಿ ಹಾಕಿದ್ದು ಸರಿಯಾಗಿ ಮುಂದಿನ ಆರೆಂಜ್ ಡೇ ಹೊತ್ತಿಗೆ ಸಿಗುತ್ತೆ.

ನಿಮ್ಮ ಮನೇಲಿ, ನಿಮ್ಮ ಊರಲ್ಲಿ ಕುಂಬಳಕಾಯಿಗೆ ಏನಂತಾರೆ, ಮಗುವಿನ ದನಿಯಲ್ಲೇ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯ ಶುರುವಿನಲ್ಲಿ ಹಾಕ್ತೇನೆ. ಸಿಗುವಾ.